ಹಸಿರು ಮುಚ್ಚಳದ ಗಾಳಿ

ನಮ್ಮ ಬಳಿ ಒಂದು ಕಾರಿದೆ. ಗುಮಾಸ್ತರಿಗೆ ಕಾರೇ ಎಂದು ಓದುಗರು ಹುಬ್ಬೇರಿಸಬೇಕಾಗಿಲ್ಲ. ನಮ್ಮ ಕೈಗೆ ಬರುವ ಮೊದಲೇ ಅದು ಇಬ್ಬರು ಯಜಮಾನರನ್ನು ಕಂಡಿತ್ತು. ಮೂರನೆಯವರಾದ ನಾವು ಕ್ರೆಡಿಟ್ ಸೊಸೈಟಿಯಲ್ಲಿ ಸಾಲ ತೆಗೆದು ಅದನ್ನು ಕೊಂಡೆವು. ವಾರವೆಲ್ಲ ಅದು ಚೆಂಬೂರಿನ ನಮ್ಮ ಕಟ್ಟಡದ ಕೆಳಗೆ ಧೂಳು ಹೊದ್ದು ನಿಂತಿರುತ್ತದೆ. ನಾವು ಲೋಕಲ್ ರೈಲಿಗೆ ಜೋತುಬಿದ್ದು ಕಚೇರಿಗೆ ಹೋಗಿಬರುತ್ತೇವೆ. ಆದರೂ ಮನೆಯಲ್ಲೊಂದು ಕಾರಿದೆಯೆಂದರೆ ಮನುಷ್ಯನಿಗೆ ಅದರ ವಿಷಯದಲ್ಲಿ ಅಭಿಪ್ರಾಯಗಳು ಹುಟ್ಟುತ್ತವೆ. ನಮಗೆ ಹುಟ್ಟಿದ ಮೊದಲನೆಯ ಅಭಿಪ್ರಾಯವೇ ಸಾರಜನಕದ್ದು.

2025ರ ಜನವರಿಯ ಒಂದು ಭಾನುವಾರ ಪೆಟ್ರೋಲ್ ಪಂಪಿನ ಹುಡುಗ ಗಾಳಿಯ ಕೊಳವೆ ಹಿಡಿದುಕೊಂಡು ನಮ್ಮನ್ನು ಕೇಳಿದ: "ಸಾದಾ ಹವಾ, ಯಾ ನೈಟ್ರೋಜನ್?" ಸಾದಾ ಗಾಳಿಗೆ ದುಡ್ಡಿಲ್ಲ. ಪಂಪಿನವರು ಅದನ್ನು ಪುಕ್ಕಟೆಯಾಗಿ ಕೊಡಲೇಬೇಕೆಂದು ನಿಯಮವಿದೆ. ನೈಟ್ರೋಜನ್ನಿಗೆ ಗಾಲಿಯೊಂದಕ್ಕೆ 40 ರೂಪಾಯಿ. ಪಕ್ಕದಲ್ಲಿ ನಿಂತಿದ್ದ ಹೊಸ ಕಾರಿನ ಮಹಾಶಯರು ಅದನ್ನೇ ತುಂಬಿಸುತ್ತಿದ್ದರು. ನಾಲ್ಕು ಜನರ ಮುಂದೆ "ಸಾದಾ" ಎಂದು ಹೇಳಲು ನಮ್ಮ ನಾಲಿಗೆ ಏಳಲಿಲ್ಲ. ನಾಲ್ಕು ಗಾಲಿಗೆ 160 ರೂಪಾಯಿ ತೆತ್ತೆವು. ಸ್ಟೆಪ್ನಿಗೆ ಮಾತ್ರ ಬೇಡವೆಂದೆವು. ಡಿಕ್ಕಿಯಲ್ಲಿ ಮಲಗಿರುವ ಗಾಲಿಗೇಕೆ ರಾಜೋಪಚಾರ? ಹುಡುಗ ಹಳೆಯ ಕಪ್ಪು ಮುಚ್ಚಳಗಳನ್ನು ತೆಗೆದೊಗೆದು ನಾಲ್ಕು ಹಸಿರು ಮುಚ್ಚಳಗಳನ್ನು ತಿರುಗಿಸಿ ಕೂರಿಸಿದ. "ಇನ್ನು ಆರು ತಿಂಗಳು ನೋಡಬೇಕಾಗಿಲ್ಲ ಸಾಹೇಬ್" ಎಂದ. ಆ ಮಾತು ನಮಗೆ ಬಹಳ ಇಷ್ಟವಾಯಿತು.

ಮನೆಗೆ ಬಂದು ಅಮ್ಮನಿಗೆ ಹೇಳಿದೆವು. ಅಮ್ಮ ಕುಂದಾಪುರದ ಕಡೆಯವರು. ಗದ್ದೆ ಬೇಸಾಯದಲ್ಲೇ ಬೆಳೆದವರು. "ಸಾರಜನಕವೆಂದ್ರೆ ಸುಫಲ ಗೊಬ್ರದಲ್ ಇಪ್ದಲ್ದಾ ಮಗಾ? ಗದ್ದಿಗ್ ಹಾಕುದನ್ ಗಾಲಿಗೂ ಹಾಕ್ತ್ರಾ?" ಎಂದು ಕೇಳಿದರು. ನಮ್ಮಾಕೆ ಒಳಗೆ ನಕ್ಕದ್ದು ಕೇಳಿಸಿತು. ಆದರೆ ಅಮ್ಮನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಸುಫಲ ಗೊಬ್ಬರ ತಯಾರಾಗುವುದು ನಮ್ಮ ಚೆಂಬೂರಿನಲ್ಲೇ. ಟ್ರಾಂಬೆಯ ಆ ಕಾರ್ಖಾನೆ 1965ರಲ್ಲಿ ಭಾರತೀಯ ರಸಗೊಬ್ಬರ ನಿಗಮದ ಘಟಕವಾಗಿ ಆರಂಭವಾಯಿತು. 1978ರಿಂದ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಎಂಬ ಹೆಸರು ಹೊತ್ತಿದೆ. ನಾವು ಆರ್.ಸಿ.ಎಫ್. ಎನ್ನುತ್ತೇವೆ. ಅಲ್ಲಿ ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಜಲಜನಕದೊಡನೆ ಕೂಡಿಸಿ ಅಮೋನಿಯ ಮಾಡುವುದು, ಅದರಿಂದ ಯೂರಿಯ ಮಾಡುವುದು. ಯೂರಿಯದ ತೂಕದಲ್ಲಿ ನೂರಕ್ಕೆ 46 ಪಾಲು ಸಾರಜನಕವೇ. ಹೀಗೆ ಚೆಂಬೂರಿನ ಮೇಲೆ ಬೀಸುವ ಗಾಳಿಯಲ್ಲಿ ಸ್ವಲ್ಪ ಭಾಗ ಚೀಲ ಸೇರಿ ಊರ ಗದ್ದೆಗೆ ಹೋಗುತ್ತದೆ, ಸ್ವಲ್ಪ ಭಾಗ ಹಸಿರು ಮುಚ್ಚಳದ ಕೆಳಗೆ ಸೇರುತ್ತದೆ. ಉಳಿದದ್ದನ್ನು, ಸಂಸ್ಕರಣಾಗಾರಗಳ ವಾಸನೆಯ ಸಮೇತ, ನಾವು ಉಸಿರಾಡುತ್ತೇವೆ.

ಇಲ್ಲಿಯವರೆಗಿನದು ವಿನೋದ. ಮುಂದಿನದು ಹಾಗಲ್ಲ.

ಜನವರಿ ಕಳೆದು ಮೇ ಬಂದಿತು. ಮಕ್ಕಳಿಗೆ ರಜೆ, ಅಮ್ಮನಿಗೆ ತವರಿನಲ್ಲಿ ಮದುವೆ. ಕೊಂಕಣದ ರಸ್ತೆ ಇನ್ನೂ ಅಲ್ಲಲ್ಲಿ ಅಗೆದುಕೊಂಡಿದೆಯೆಂದು ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಯ ಮಾರ್ಗವಾಗಿ ಅಂಕೋಲೆಗೆ ಇಳಿದು ಹೋಗುವುದೆಂದು ನಿಶ್ಚಯಿಸಿದೆವು. ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ನಾವು, ನಮ್ಮಾಕೆ, ಅಮ್ಮ, ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಮುಂಬಯಿಯವರು ಊರಿಗೆ ಕೊಂಡುಹೋಗುವ ಸಮಸ್ತವೂ ಇತ್ತು: ಸೀರೆಗಳ ಗಂಟು, ಮಿಠಾಯಿ ಡಬ್ಬಗಳು, ಮದುವೆಮನೆಗೆಂದು ಕೊಂಡ ಒಂದು ಮಿಕ್ಸರು. ಹೊರಡುವ ಮೊದಲು ಎಣ್ಣೆ ನೋಡಿದೆವು, ನೀರು ನೋಡಿದೆವು, ಗಣಪತಿಗೆ ಕೈಮುಗಿದೆವು. ಗಾಲಿಯ ಗಾಳಿ ನೋಡಲಿಲ್ಲ. ಹಸಿರು ಮುಚ್ಚಳಗಳಿದ್ದುವಲ್ಲ!

ನಿಪ್ಪಾಣಿ ದಾಟಿ, ಸ್ತವನಿಧಿ ಘಾಟಿಯನ್ನೂ ದಾಟಿ, ಸಂಕೇಶ್ವರಕ್ಕೆ ಇನ್ನು ಸ್ವಲ್ಪ ದೂರವಿತ್ತು. ಮಧ್ಯಾಹ್ನದ ಬಿಸಿಲು. ರಸ್ತೆ ಅಂಗೈಯಂತೆ ಚೊಕ್ಕಟವಾಗಿತ್ತು. ವೇಗ ತೊಂಬತ್ತರ ಮೇಲಿತ್ತು. ಹಿಂದಿನಿಂದ ಡಬ್ ಡಬ್ ಎಂದು ಸದ್ದಾದಂತಾಯಿತು. "ರಸ್ತೆಯದಿರಬೇಕು" ಎಂದೆವು. ಮರುಕ್ಷಣವೇ ದೊಡ್ಡ ಶಬ್ದ. ಕಾರಿನ ಹಿಂಭಾಗವನ್ನು ಯಾರೋ ಹಿಡಿದು ಪಕ್ಕಕ್ಕೆ ಎಳೆದಂತಾಯಿತು. ಮಗಳು ಕಿರಿಚಿದಳು. ನಾವು ಸ್ಟಿಯರಿಂಗನ್ನು ಎರಡು ಕೈಯಿಂದ ಅಪ್ಪಿ ಹಿಡಿದೆವು. ಕಾಲು ಬ್ರೇಕಿನ ಮೇಲೆ ಹೋಗಿತ್ತು. ಆದರೆ ಹೆದರಿಕೆಯಿಂದ ಅದನ್ನು ಪೂರ್ತಿ ಒತ್ತುವ ಶಕ್ತಿಯೇ ಇರಲಿಲ್ಲ. ಅದೇ ನಮ್ಮನ್ನು ಉಳಿಸಿತೆಂದು ಆಮೇಲೆ ತಿಳಿಯಿತು. ಹಾಗಾದಾಗ ಬ್ರೇಕನ್ನು ಗಟ್ಟಿಯಾಗಿ ತುಳಿದರೆ ಕಾರು ಬುಗುರಿಯಾಗುತ್ತದೆ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಗೊಟ್ಟು, ಆಮೇಲೆ ಮೆಲ್ಲನೆ ಅಂಚಿಗೆ ತರಬೇಕು. ಎಡಗಡೆ ಜೋಳದ ಹೊಲ. ಹಿಂದೆ ಆ ಹೊತ್ತಿಗೆ ಲಾರಿ ಇರಲಿಲ್ಲ. ಇದ್ದಿದ್ದರೆ ಈ ಲೇಖನವನ್ನು ಬರೆಯುವವರು ಬೇರೆಯವರಾಗಬೇಕಿತ್ತು.

ಇಳಿದು ನೋಡಿದರೆ ಹಿಂದಿನ ಎಡಗಾಲಿಯ ಪಕ್ಕೆ ಸುತ್ತಲೂ ಸೀಳಿಹೋಗಿತ್ತು. ಹಸಿರು ಮುಚ್ಚಳ ಮಾತ್ರ ತನ್ನ ಜಾಗದಲ್ಲಿ ಭದ್ರವಾಗಿ ಕುಳಿತಿತ್ತು. ಅಮ್ಮ ಮಾತಾಡದೆ ಮಕ್ಕಳಿಬ್ಬರನ್ನೂ ಎದೆಗವಚಿಕೊಂಡು ಒಂದು ಜಾಲಿಮರದ ನೆರಳಿನಲ್ಲಿ ಕುಳಿತರು. ನಾವು ಡಿಕ್ಕಿಯನ್ನೆಲ್ಲ ಖಾಲಿಮಾಡಿ ಸ್ಟೆಪ್ನಿಯನ್ನು ಹೊರಗೆಳೆದೆವು. ಅದೂ ಹೊಟ್ಟೆಗಿಲ್ಲದವನಂತೆ ಮೆತ್ತಗಾಗಿತ್ತು. ಹೇಗೋ ಅದನ್ನೇ ತೊಡಿಸಿ, ಅಮ್ಮ ಮಕ್ಕಳನ್ನು ಒಂದು ರಿಕ್ಷಾಕ್ಕೆ ಹತ್ತಿಸಿ, ಆಮೆಯ ನಡಿಗೆಯಲ್ಲಿ ಸಂಕೇಶ್ವರದ ಹೊರಗಿನ ಒಂದು ಪಂಕ್ಚರ್ ಅಂಗಡಿಯನ್ನು ಮುಟ್ಟಿದೆವು.

ಅಂಗಡಿಯಾತ ಒಡೆದ ಟಯರನ್ನು ಬಿಚ್ಚಿ ಒಳಗೆ ಕೈಯಾಡಿಸಿದ. ಅಂಗೈಯಲ್ಲಿ ಕರಿಯ ರಬ್ಬರಿನ ಪುಡಿ ಬಂತು. ಹೊರಮೈಯಲ್ಲಿ ಒಂದು ತುಕ್ಕುಹಿಡಿದ ಸಣ್ಣ ಮೊಳೆ. "ಗಾಳಿ ನೋಡಿಸಿ ಎಷ್ಟ ದಿನಾ ಆತ್ರೀ?" ಎಂದು ಕೇಳಿದ. "ನೈಟ್ರೋಜನ್ ಹಾಕಿಸಿದ್ದೇವೆ" ಎಂದೆವು. ಆ ಸ್ಥಿತಿಯಲ್ಲೂ ಮಾತಿನಲ್ಲಿ ಒಂದಿಷ್ಟು ಬಿಂಕವಿತ್ತೆಂದು ತೋರುತ್ತದೆ. "ಹಾಕಿಸ್ರಿ, ಯಾರ ಬ್ಯಾಡಂತಾರ? ಮೊಳಿಗೆ ಅದೆಲ್ಲಾ ಏನ ಗೊತ್ತರೀ?" ಎಂದ. "ಇದು ಒಡದದ್ದಲ್ಲರೀ ಸಾಹೇಬ್ರ, ಉಪವಾಸ ಬಿದ್ದು ಸತ್ತದ್ದು." ಆಮೇಲೆ ಟಯರಿನ ಪಕ್ಕೆಯ ಮೇಲೆ ಅಚ್ಚಾಗಿದ್ದ ನಾಲ್ಕು ಅಂಕಿಗಳನ್ನು ತೋರಿಸಿದ: 1118. ಅದರ ಅರ್ಥ 2018ನೆಯ ಇಸವಿಯ ಹನ್ನೊಂದನೆಯ ವಾರದಲ್ಲಿ ತಯಾರಾದದ್ದು. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. ಟಯರಿಗೂ ಜನ್ಮಪತ್ರಿಕೆ ಇರುತ್ತದೆಂದು ನಮಗೆ ಅಂದಿನವರೆಗೆ ಗೊತ್ತಿರಲಿಲ್ಲ. ಏಳು ವರ್ಷದ ಮುದಿ ರಬ್ಬರು, ತಿಂಗಳುಗಟ್ಟಲೆ ಮೊಳೆಯ ಸಂದಿನಿಂದ ಮೆಲ್ಲನೆ ಸೋರಿದ ಗಾಳಿ, ತುಂಬಿದ ಡಿಕ್ಕಿ, ಮೇ ತಿಂಗಳ ಬಿಸಿಲು: ಇಷ್ಟಿದ್ದ ಮೇಲೆ ಒಳಗಿನದು ಸಾರಜನಕವಾದರೇನು, ಗುಲಾಬಿ ಅತ್ತರಾದರೇನು?

ಊರಿಂದ ಮರಳಿದ ಮೇಲೂ ವಿಷಯ ನಮ್ಮನ್ನು ಬಿಡಲಿಲ್ಲ. ನಾವು ಬಿ.ಎ. ಪಾಸಾದವರು, ರಸಾಯನಶಾಸ್ತ್ರಕ್ಕೂ ನಮಗೂ ದೂರದ ನಮಸ್ಕಾರ. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಗೊಬ್ಬರದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಒಂದು ಸಂಜೆ ಅವರ ಬಾಗಿಲು ತಟ್ಟಿದೆವು. ಕತೆಯನ್ನೆಲ್ಲ ಕೇಳಿ, "ಅಲ್ಲ ಮಾರಾಯರೆ, ಪುಕ್ಕಟೆ ಗಾಳಿಯಲ್ಲಿ ಏನಿದೆಯೆಂದು ನೀವು ತಿಳಿದಿದ್ದೀರಿ?" ಎಂದರು.

ನಾವು ಉಸಿರಾಡುವ ಒಣಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದೆ. ಆಮ್ಲಜನಕ 21 ಪಾಲು. ಉಳಿದ ಒಂದು ಪಾಲಿನಲ್ಲಿ ಹೆಚ್ಚಿನದು ಆರ್ಗಾನ್. ಪಂಪಿನ ಯಂತ್ರ ಏನನ್ನೂ ಹೊಸದಾಗಿ ಸೃಷ್ಟಿಸುವುದಿಲ್ಲ. ಇದೇ ಗಾಳಿಯನ್ನು ಎಳೆದುಕೊಂಡು, ಆಮ್ಲಜನಕವನ್ನೂ ತೇವವನ್ನೂ ಸೋಸಿ ಹೊರಗಟ್ಟಿ, ಸುಮಾರು 95 ಪಾಲು ಸಾರಜನಕವಿರುವ ಗಾಳಿಯನ್ನು ಕೊಡುತ್ತದೆ. ಹಿರಿಯರು ಪೆನ್ಸಿಲು ತೆಗೆದು ಹಳೆಯ ಲಗ್ನಪತ್ರಿಕೆಯ ಬೆನ್ನ ಮೇಲೆ ಲೆಕ್ಕ ಮಾಡಿದರು. ಲೆಕ್ಕ ನಮ್ಮ ಕಸುಬಾದ್ದರಿಂದ ಅದು ಮಾತ್ರ ನಮಗೆ ಚೆನ್ನಾಗಿ ಹಿಡಿಸಿತು. ಗಾಲಿಯ ಗಾಳಿಯನ್ನೆಲ್ಲ ಬಿಟ್ಟರೂ ಅದು ನಿರ್ವಾತವಾಗುವುದಿಲ್ಲ. ಹೊರಗಿನ ವಾಯುಮಂಡಲದ ಒತ್ತಡ, ಚದರ ಅಂಗುಲಕ್ಕೆ 14.7 ಪೌಂಡು, ಒಳಗೂ ಉಳಿದಿರುತ್ತದೆ. ಅದು ಸಾದಾ ಗಾಳಿ. ಅದರ ಮೇಲೆ 32 ಪೌಂಡು (ಅಂಗಡಿಯವರ ಭಾಷೆಯಲ್ಲಿ 32 ಪಾಯಿಂಟ್) ಸಾರಜನಕ ತುಂಬಿದರೆ ಎರಡೂ ಬೆರೆತು ಒಟ್ಟಿನಲ್ಲಿ ಸುಮಾರು 90 ಪಾಲು ಸಾರಜನಕವಾಗುತ್ತದೆ. ಮತ್ತೆ ಪೂರ್ತಿ ಬಿಟ್ಟು ಎರಡನೆಯ ಸಲ ತುಂಬಿದರೆ 93ರ ಸುಮಾರು. ಅಂದರೆ ಮೊದಲ ಸಲ 160 ರೂಪಾಯಿಗೆ ನಮಗೆ ದಕ್ಕಿದ್ದು 78ರಿಂದ 90ಕ್ಕೆ ಏರಿದ ಹನ್ನೆರಡು ಪಾಲು. ಹಳೆಯ ಗಾಳಿಯನ್ನು ಬಿಡದೆ ಮೇಲಿಂದ ಮೂರು ನಾಲ್ಕು ಪೌಂಡು ತುಂಬಿಸಿಕೊಳ್ಳುವವರೂ ಇದ್ದಾರೆ. ಅವರಿಗೆ ದಕ್ಕುವುದು ಹಸಿರು ಮುಚ್ಚಳ.

ಹಾಗಾದರೆ ಇದೆಲ್ಲ ಬರಿಯ ಮೋಸವೆ ಎಂದು ಕೇಳಿದೆವು. ಹಿರಿಯರು ಅದಕ್ಕೂ ಒಪ್ಪಲಿಲ್ಲ. ರಬ್ಬರು ನಮ್ಮ ಕಣ್ಣಿಗೆ ಗಟ್ಟಿಯಾದರೂ ಅನಿಲದ ಕಣಗಳಿಗೆ ಅದು ಜಾಳಿಗೆಯೇ. ಆಮ್ಲಜನಕ ಅದರ ಮೂಲಕ ಸಾರಜನಕಕ್ಕಿಂತ ಮೂರು ನಾಲ್ಕು ಪಟ್ಟು ಬೇಗ ನುಸುಳುತ್ತದೆ. ಆದ್ದರಿಂದ ಸಾರಜನಕ ತುಂಬಿದ ಗಾಲಿ ನಿಧಾನವಾಗಿ ಇಳಿಯುತ್ತದೆ. ಎಷ್ಟು ನಿಧಾನ? ಅಮೆರಿಕದ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯವರು 2006ರಲ್ಲಿ 31 ಜೊತೆ ಟಯರುಗಳನ್ನು ತಂದು, ಪ್ರತಿ ಜೊತೆಯಲ್ಲಿ ಒಂದಕ್ಕೆ ಸಾದಾ ಗಾಳಿ, ಒಂದಕ್ಕೆ ಸಾರಜನಕ, ಎರಡಕ್ಕೂ 30 ಪೌಂಡು ತುಂಬಿ ಒಂದು ವರ್ಷ ಹೊರಗೆ ಇಟ್ಟರು. ವರ್ಷದ ಕೊನೆಗೆ ಗಾಳಿಯವು ಸರಾಸರಿ 3.5 ಪೌಂಡು ಕಳೆದುಕೊಂಡಿದ್ದುವು, ಸಾರಜನಕದವು 2.2 ಪೌಂಡು. ಹನ್ನೆರಡು ತಿಂಗಳಿಗೆ ಒಂದೂಕಾಲು ಪೌಂಡಿನ ಲಾಭ. ಲಾಭವೇನೋ ಹೌದು. ಆದರೆ ಅವು ಓಡದೆ ನಿಂತ ಗಾಲಿಗಳು. ಅವುಗಳಿಗೆ ಮೊಳೆ ಚುಚ್ಚಿರಲಿಲ್ಲ.

ಇನ್ನೊಂದು ಗುಣ ಒಣತನ. ಇದು ನಮ್ಮ ಮುಂಬಯಿಗೆ ನಿಜವಾಗಿ ಸಲ್ಲುವ ಮಾತು. ಜುಲೈ ತಿಂಗಳಲ್ಲಿ ಇಲ್ಲಿಯ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಗಾಳಿಯಂತ್ರ ಮಾಡುವುದೂ ಹಿಂಡುವ ಕೆಲಸವನ್ನೇ. ಅಂಗಡಿಯವನು ತನ್ನ ತೊಟ್ಟಿಯ ನೀರನ್ನು ದಿನವೂ ಬಸಿಯದಿದ್ದರೆ ಆ ನೀರು ನಮ್ಮ ಗಾಲಿಗೆ ಬರುತ್ತದೆ. ಗಾಲಿ ಕಾದಾಗ ಆವಿಯಾಗಿ ಒತ್ತಡವನ್ನು ಒಂದೆರಡು ಪೌಂಡು ಹೆಚ್ಚಿಗೆ ಏರಿಸುತ್ತದೆ. ಚಕ್ರದ ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಸಾರಜನಕಕ್ಕೆ ಈ ದೋಷವಿಲ್ಲ. ಆದರೆ "ಸಾರಜನಕ ಕಾದರೂ ಹಿಗ್ಗುವುದಿಲ್ಲ" ಎಂದು ಪಂಪಿನ ಹುಡುಗ ಹೇಳಿದ್ದು ಶುದ್ಧ ಸುಳ್ಳು. ಹತ್ತು ಡಿಗ್ರಿ ಸೆಲ್ಸಿಯಸ್ ಕಾವೇರಿದರೆ 32 ಪೌಂಡಿನ ಗಾಲಿಯಲ್ಲಿ ಸುಮಾರು ಒಂದೂವರೆ ಪೌಂಡು ಏರುತ್ತದೆ, ಒಳಗೆ ಸಾರಜನಕವಿರಲಿ ಒಣಗಾಳಿಯಿರಲಿ. ಅನಿಲಗಳ ನಿಯಮಕ್ಕೆ ಮುಚ್ಚಳದ ಬಣ್ಣ ಕಾಣಿಸುವುದಿಲ್ಲ.

ಹಿರಿಯರು ಒಂದು ತಮಾಷೆಯನ್ನೂ ಹೇಳಿದರು. ಸಾರಜನಕವನ್ನು 1772ರಲ್ಲಿ ಗುರುತಿಸಿದ ಡೇನಿಯಲ್ ರುದರ್ಫರ್ಡ್, 1845ರಲ್ಲಿ ಗಾಳಿ ತುಂಬಿದ ಗಾಲಿಗೆ ಮೊದಲು ಪೇಟೆಂಟ್ ಪಡೆದ ರಾಬರ್ಟ್ ಥಾಮ್ಸನ್, 1888ರಲ್ಲಿ ಅದನ್ನು ಮತ್ತೆ ಕಂಡುಹಿಡಿದು ಲೋಕಪ್ರಸಿದ್ಧನಾದ ಪಶುವೈದ್ಯ ಡನ್‌ಲಪ್, ಮೂವರೂ ಸ್ಕಾಟ್ಲೆಂಡಿನವರು. ಆದರೂ ಒಂದನ್ನು ಇನ್ನೊಂದರೊಳಗೆ ತುಂಬಿ ದುಡ್ಡು ಕೇಳುವ ಉಪಾಯ ಮೂವರಿಗೂ ಹೊಳೆಯಲಿಲ್ಲವಂತೆ!

ಸಾರಜನಕ ಅನಿವಾರ್ಯವಾದ ಗಾಲಿಗಳೂ ಇವೆ. ನಮ್ಮ ತಲೆಯ ಮೇಲೆ ಸಾಂತಾಕ್ರೂಜಿನ ಕಡೆಗೆ ಇಳಿಯುತ್ತವಲ್ಲ, ಆ ವಿಮಾನಗಳವು. ಅವುಗಳಲ್ಲಿ ಒತ್ತಡ 200 ಪೌಂಡಿನ ಹತ್ತಿರವಿರುತ್ತದೆ. ಮೇಲೆ ಕೊರೆಯುವ ಚಳಿ, ಕೆಳಗೆ ಇಳಿದೊಡನೆ ಬ್ರೇಕಿನ ಬೆಂಕಿಯಂಥ ಕಾವು. 1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಮೇಲೇರಿದ ಒಂದು ಬೋಯಿಂಗ್ 727 ವಿಮಾನದಲ್ಲಿ ಬ್ರೇಕೊಂದು ಅಂಟಿಕೊಂಡು ಗಾಲಿ ಕಾದಿತ್ತು. ಆ ಗಾಲಿಗೆ ಸಾದಾ ಗಾಳಿ ತುಂಬಿದ್ದರು. ಕಾದ ರಬ್ಬರಿನಿಂದೆದ್ದ ಅನಿಲ, ಒಳಗಿನ ಆಮ್ಲಜನಕ, ಎರಡೂ ಸೇರಿ ಆಕಾಶದಲ್ಲೇ ಸ್ಫೋಟವಾಯಿತು. 167 ಜನರೂ ತೀರಿಹೋದರು. ಮರುವರ್ಷ ಅಮೆರಿಕದ ವಿಮಾನಯಾನ ಆಡಳಿತ ಬ್ರೇಕುಳ್ಳ ಗಾಲಿಗಳಲ್ಲಿ ಆಮ್ಲಜನಕ ನೂರಕ್ಕೆ 5 ಪಾಲು ಮೀರಕೂಡದೆಂದು ಆಜ್ಞೆ ಹೊರಡಿಸಿತು. ಅಂಥ ಜಾಗದಲ್ಲಿ ಸಾರಜನಕ ಪ್ರಾಣರಕ್ಷಕ. ನಮ್ಮ ಕಾರಿನ ಗಾಲಿಗೆ ಆ ಬಗೆಯ ಕಾವು ಎಂದೂ ತಟ್ಟುವುದಿಲ್ಲ.

ನಮ್ಮ ದೇಶದಲ್ಲೂ ಈ ಮಾತು ಪಾರ್ಲಿಮೆಂಟಿನ ತನಕ ಹೋಗಿದೆ. 2019ರ ಜುಲೈಯಲ್ಲಿ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ರಾಜ್ಯಸಭೆಯಲ್ಲಿ, ಟಯರಿನ ರಬ್ಬರಿಗೆ ಸಿಲಿಕಾನ್ ಬೆರೆಸುವುದನ್ನೂ ಗಾಲಿಗೆ ಸಾರಜನಕ ತುಂಬುವುದನ್ನೂ ಕಡ್ಡಾಯ ಮಾಡುವ ಆಲೋಚನೆಯಿದೆಯೆಂದು ಹೇಳಿದರು. ಹೆದ್ದಾರಿಗಳಲ್ಲಿ ಟಯರು ಒಡೆದು ಆಗುತ್ತಿದ್ದ ಸಾವುಗಳೇ ಅದಕ್ಕೆ ಕಾರಣ. ನಮ್ಮ ರಾಜ್ಯದಲ್ಲಿ ನಾಗಪುರದಿಂದ ಮುಂಬಯಿಯ ಕಡೆಗೆ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗ ಬಂದಿತು. ಮೊದಲ ಭಾಗ 2022ರ ಡಿಸೆಂಬರಿನಲ್ಲಿ, ಕೊನೆಯ ಭಾಗ 2025ರ ಜೂನಿನಲ್ಲಿ ತೆರೆಯಿತು. ಕಾಂಕ್ರೀಟಿನ ನೇರ ರಸ್ತೆ. ಗಂಟೆಗೆ 120 ಕಿಲೋಮೀಟರಿನ ಮಿತಿ. ಅಲ್ಲಿ ಟಯರುಗಳು ಒಡೆಯತೊಡಗಿದಾಗ 2023ರಲ್ಲಿ ಸಾರಿಗೆ ಅಧಿಕಾರಿಗಳು ಪ್ರವೇಶದ ಬಳಿಯೇ ನಿಂತು ಗಾಲಿಗಳನ್ನು ಪರೀಕ್ಷಿಸಿ, ಸವೆದ ಟಯರಿನವರನ್ನು ಹಿಂದಕ್ಕೆ ಕಳಿಸಿದರು. ಅವರು ನೋಡಿದ್ದು ಟಯರಿನ ಸವೆತವನ್ನು. ಕೇಳಿದರೆ ಸಣ್ಣ ವಿಷಯ. ಸರಿಯಾದ ಜಾಗದಲ್ಲಿ ಕಣ್ಣಿಟ್ಟಿದ್ದರೆಂದು ನಮಗೆ ಈಗ ಅನ್ನಿಸುತ್ತದೆ.

ಅದೇ ಮಾರ್ಗದಲ್ಲಿ 2023ರ ಜುಲೈ 1ರ ನಡುರಾತ್ರಿ ಬುಲ್ಢಾಣಾ ಜಿಲ್ಲೆಯಲ್ಲಿ ಖಾಸಗಿ ಬಸ್ಸೊಂದು ಉರುಳಿ ಬೆಂಕಿ ಹತ್ತಿ 25 ಜನ ಸತ್ತರು. ಟಯರು ಒಡೆಯಿತೆಂದು ಚಾಲಕ ಹೇಳಿದ. ಸಾರಿಗೆ ಕಚೇರಿಯವರು ಪರೀಕ್ಷಿಸಿ, ಟಯರು ಒಡೆದ ಗುರುತಿಲ್ಲವೆಂದು ವರದಿ ಕೊಟ್ಟರು. ಟಯರು ಬಾಯಿಲ್ಲದ ಪ್ರಾಣಿ. ಅದರ ಮೇಲೆ ಏನನ್ನು ಹೊರಿಸಿದರೂ ನಡೆಯುತ್ತದೆ. ಸಂಕೇಶ್ವರದಿಂದ ಬಂದು ನಾವೂ ನೆಂಟರಿಗೆಲ್ಲ "ಟಯರು ಒಡೆಯಿತು" ಎಂದೇ ಹೇಳಿದೆವು. "ಟಯರನ್ನು ಒಡೆದೆವು" ಎನ್ನಲಿಲ್ಲ.

ಒಡೆದವರು ನಾವೇ ಎಂಬುದಕ್ಕೆ ಹಿರಿಯರ ಪೆನ್ಸಿಲು ಕೊನೆಯ ಸಾಕ್ಷಿ ಹೇಳಿತು. ಸಣ್ಣ ಕಾರಿನ ಗಾಲಿಯ ಸುತ್ತಳತೆ ಸುಮಾರು 1.8 ಮೀಟರು. ಗಂಟೆಗೆ 100 ಕಿಲೋಮೀಟರಿನಲ್ಲಿ ಅದು ಸೆಕೆಂಡಿಗೆ 15 ಸಲ ಉರುಳುತ್ತದೆ. ಗಾಳಿ ಕಡಿಮೆಯಿದ್ದರೆ ಪ್ರತಿ ಸುತ್ತಿಗೂ ಅದರ ಪಕ್ಕೆ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯನ್ನು ಹಿಂದು ಮುಂದು ಬಗ್ಗಿಸಿದರೆ ಬೆರಳು ಸುಡುವಂತೆ ರಬ್ಬರೂ ಒಳಗಿಂದ ಕಾಯುತ್ತದೆ, ಪದರಗಳು ಬಿಡುತ್ತವೆ. ಚೆಂಬೂರಿನಿಂದ ಆ ಹೊಲದವರೆಗೆ ನಮ್ಮ ಎಡಗಾಲಿ ಎರಡು ಲಕ್ಷಕ್ಕೂ ಹೆಚ್ಚು ಸಲ ಹೀಗೆ ಮಡಚಿಕೊಂಡಿತ್ತು. ಆ ರಬ್ಬರಿನ ಪುಡಿ ಅದರದ್ದು. ಅಷ್ಟು ಹೊತ್ತೂ ಮಗಳು ಆ ಗಾಲಿಯ ಮೇಲೆಯೇ ಕುಳಿತು ಅಂತ್ಯಾಕ್ಷರಿ ಹಾಡುತ್ತಿದ್ದಳು.

ಈಗ ನಮ್ಮಲ್ಲಿ 300 ರೂಪಾಯಿಯ ಒಂದು ಗಾಳಿಮಾಪಕವಿದೆ. ತಿಂಗಳಿಗೊಂದು ಭಾನುವಾರ, ಊರಿಗೆ ಹೊರಡುವ ಮುಂಜಾನೆ ತಪ್ಪದೆ, ಗಾಲಿಗಳು ತಣ್ಣಗಿರುವಾಗ ಐದನ್ನೂ ಅಳೆಯುತ್ತೇವೆ. ಹೌದು, ಐದು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿದೆ. ಕಾರು ಕೊಂಡು ಎರಡು ವರ್ಷವಾದರೂ ನಾವದನ್ನು ಓದಿರಲಿಲ್ಲ. ತುಂಬಿದ ಕಾರಿಗೆ ಹಿಂದಿನ ಗಾಲಿಗಳಲ್ಲಿ ಹೆಚ್ಚು ಬೇಕೆಂದೂ ಅದರಲ್ಲೇ ಬರೆದಿದೆ. ದಾರಿಯಲ್ಲಿ ಫುಡ್ ಮಾಲಿನ ಮುಂದೆ ನಿಲ್ಲಿಸಿ ಕಾದ ಗಾಲಿಯನ್ನು ಅಳೆದು "ಹೆಚ್ಚಾಗಿದೆ" ಎಂದು ಗಾಳಿ ಬಿಡುವವರನ್ನು ಕಂಡರೆ ಈಗ ಹೋಗಿ ತಡೆಯುತ್ತೇವೆ. ಕಾದಾಗ ಏರುವುದು ಸಹಜ; ಬಿಟ್ಟರೆ ತಣಿದಾಗ ಕಡಿಮೆಯಾಗುತ್ತದೆ. ಟಯರಿನ ಗೆರೆಗಳ ಆಳ ಕಾನೂನಿನಂತೆ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು; ಅದನ್ನು ತೋರಿಸುವ ಸಣ್ಣ ಉಬ್ಬುಗಳು ಗೆರೆಗಳ ನಡುವೆಯೇ ಇವೆ. ಅವನ್ನು ಹುಡುಕುವ ಕೆಲಸ ಮಗನದು. ಹೊಸ ಟಯರು ಕೊಳ್ಳುವಾಗ ನಾಲ್ಕು ಅಂಕಿಗಳನ್ನು ಓದುವುದು ಮಗಳ ಕೆಲಸ. ಅಂಗಡಿಯವನು ಎರಡು ವರ್ಷ ಹಳೆಯದನ್ನು ತಂದಾಗ ಅವಳು ಅದನ್ನು ಹಿಂದಕ್ಕೆ ಕಳಿಸಿದಳು.

ಸಾರಜನಕ ತುಂಬಿಸುತ್ತೇವೆಯೆ? ಪಂಪಿನಲ್ಲಿ ಜನ ಕಡಿಮೆಯಿದ್ದರೆ, ಮಳೆಗಾಲದ ಮೊದಲು ಒಮ್ಮೆ ತುಂಬಿಸುತ್ತೇವೆ. ನಡುವೆ ಇಳಿದರೆ ಅದಕ್ಕಾಗಿ ಕಾಯುವುದಿಲ್ಲ. ಎದುರಿಗೆ ಸಿಕ್ಕ ಸಾದಾ ಗಾಳಿಯನ್ನು ಹಾಕಿಸಿಕೊಳ್ಳುತ್ತೇವೆ. ಎರಡೂ ಬೆರೆತರೆ ಕೆಡುಕೇನಿಲ್ಲ.

ಈ ಸಲ ಚೌತಿಗೆ ಊರಿಗೆ ಹೊರಟಾಗ ಅಮ್ಮ ಕಾರು ಹತ್ತದೆ ಬಾಗಿಲ ಬಳಿಯೇ ನಿಂತಿದ್ದರು. ಏನೆಂದು ಕೇಳಿದೆವು. "ಆ ಕಡ್ಡಿ ಹಾಕಿ ಕಂಡ್ಯಾ ಮಗಾ?" ಎಂದರು. ಕಂಡಾಗಿತ್ತು. ಆದರೂ ಇನ್ನೊಮ್ಮೆ ಕುಕ್ಕುರುಗಾಲಿನಲ್ಲಿ ಕುಳಿತು ಹಿಂದಿನ ಎಡಗಾಲಿಯ ಮುಚ್ಚಳ ತೆಗೆದೆವು.